ಸಹಿ ಕನ್ನಡದಲ್ಲಿ, ಫಲಿತಾಂಶ ಇಂಗ್ಲಿಷಿನಲ್ಲಿ

ಐಸಿಯುನಲ್ಲಿ ಮಲಗಿರುವ ರೋಗಿಯನ್ನು ಒಂದು ಸಂಶೋಧನೆಗೆ ಸೇರಿಸಿಕೊಳ್ಳಬೇಕಾದರೆ ಒಪ್ಪಿಗೆ ಪತ್ರ ಬೇಕು. ರೋಗಿಗೆ ಹೆಚ್ಚಿನ ಸಲ ಪ್ರಜ್ಞೆ ಇರುವುದಿಲ್ಲ, ಇದ್ದರೂ ಗಂಟಲಲ್ಲಿ ಕೊಳವೆ ಇರುತ್ತದೆ. ಹಾಗಾಗಿ ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯೋ ಮಗನೋ ತಮ್ಮನೋ ಸಹಿ ಹಾಕುತ್ತಾರೆ. ಆ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹಾಗೆ ಹೇಳುತ್ತದೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳೂ ಹಾಗೇ ಹೇಳುತ್ತವೆ. ಅದಕ್ಕೊಂದು ದೊಡ್ಡ ವ್ಯವಸ್ಥೆಯೇ ಇದೆ. ಇಂಗ್ಲಿಷ್ ಮೂಲವನ್ನು ಒಬ್ಬ ಅನುವಾದಕರು ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ಮಾಡುತ್ತಾರೆ. ಎರಡೂ ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿ, ಪ್ರಮಾಣಪತ್ರ ಲಗತ್ತಿಸಿ, ಎಥಿಕ್ಸ್ ಕಮಿಟಿಯ ಮುಂದೆ ಇಡುತ್ತಾರೆ. ಅಲ್ಲಿ ಮುದ್ರೆ ಬೀಳುತ್ತದೆ. ಹೆಬ್ಬೆಟ್ಟು ಒತ್ತುವವರಾದರೆ ಓದಿ ಹೇಳಲು ಸಾಕ್ಷಿಯೊಬ್ಬರು ಬೇಕು.

ಇಷ್ಟು ಕಾಳಜಿಯಿಂದ ಕನ್ನಡದ ಬಾಗಿಲಲ್ಲಿ ಒಳಗೆ ಬಂದ ರೋಗಿ ಹೊರಗೆ ಹೋಗುವುದು ಇಂಗ್ಲಿಷಿನ ಬಾಗಿಲಿನಿಂದ. ಎರಡೋ ಮೂರೋ ವರ್ಷಕ್ಕೆ ಸಂಶೋಧನೆ ಮುಗಿಯುತ್ತದೆ. ಲಂಡನ್ನಿನ ಅಥವಾ ಅಮೆರಿಕದ ಯಾವುದೋ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅದೇ ವಾರ ಆನ್‌ಲೈನ್ ಜರ್ನಲ್ ಕ್ಲಬ್ಬುಗಳಲ್ಲಿ ಅದರ ಚರ್ಮ ಸುಲಿಯುತ್ತಾರೆ: ಔಷಧ ಕೆಲಸ ಮಾಡಿತೆ, ಲೆಕ್ಕ ಸರಿಯಿದೆಯೆ, ನಾಳೆ ಬೆಳಿಗ್ಗೆ ವಾರ್ಡಿನಲ್ಲಿ ಏನು ಬದಲಾಗಬೇಕು. ಬೆಂಚಿನ ಮೇಲೆ ಕೂತು ಸಹಿ ಹಾಕಿದವರಿಗೆ ಮಾತ್ರ ಸುದ್ದಿಯೇ ಇಲ್ಲ. ಅವರ ಭಾಷೆ ಬೇಕಾಗಿದ್ದದ್ದು ಸಹಿಯ ತನಕ. ಈ ಅಸಮತೋಲ ಕೈತಪ್ಪಿ ಆದದ್ದಲ್ಲ, ಯಾರೋ ಮರೆತು ಬಿಟ್ಟದ್ದೂ ಅಲ್ಲ. ಕಾನೂನು ಕೇಳಿದಷ್ಟು ಕನ್ನಡ ಮಾಡಿದ್ದಾರೆ, ಕೇಳದೇ ಇದ್ದದ್ದನ್ನು ಮಾಡಿಲ್ಲ.

ಜರ್ನಲ್ ಕ್ಲಬ್ ಎಂಬುದರ ಹುಟ್ಟನ್ನು ನೋಡಿದರೆ ಈಗಿನ ಸ್ಥಿತಿ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ವಿಲಿಯಂ ಆಸ್ಲರ್ 1875ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಂಥದ್ದೊಂದನ್ನು ಶುರುಮಾಡಿದ್ದು ಸರಳ ಕಾರಣಕ್ಕೆ: ವೈದ್ಯಕೀಯ ಪತ್ರಿಕೆಗಳ ಚಂದಾ ಒಬ್ಬನ ಜೇಬಿಗೆ ಎಟುಕುತ್ತಿರಲಿಲ್ಲ. ನಾಲ್ಕು ಜನ ಸೇರಿ ತರಿಸಿ ಹಂಚಿಕೊಂಡು ಓದೋಣ ಎಂದು. ಅದಕ್ಕೂ ಮೊದಲೇ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯ ಹತ್ತಿರ, ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಹುಡುಗರು ಸೇರಿ ಪತ್ರಿಕೆ ಓದುತ್ತಿದ್ದದ್ದನ್ನು ಜೇಮ್ಸ್ ಪ್ಯಾಜೆಟ್ ನೆನಪಿಸಿಕೊಂಡಿದ್ದಾರೆ. ಅಂದರೆ ಜ್ಞಾನಕ್ಕೆ ಹಾಕಿದ್ದ ದುಡ್ಡಿನ ಬೇಲಿ ದಾಟಲು ಕಂಡುಕೊಂಡ ಉಪಾಯ ಇದು. ಈಗ ಅದು ಪ್ರತಿ ಎಂಡಿ, ಡಿಎನ್‌ಬಿ ವಿದ್ಯಾರ್ಥಿಯ ಲಾಗ್‌ಬುಕ್ಕಿನಲ್ಲಿ ತುಂಬಬೇಕಾದ ಒಂದು ಕಾಲಂ.

ಆ ಕಾಲಂ ತುಂಬುವ ಜರ್ನಲ್ ಕ್ಲಬ್ಬಿನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಒಬ್ಬ ಪಿಜಿ ನಲವತ್ತು ಸ್ಲೈಡು ಓದುತ್ತಾನೆ, ಪ್ರೊಫೆಸರು ಎರಡು ಪ್ರಶ್ನೆ ಕೇಳುತ್ತಾರೆ, ಹಾಜರಿಗೆ ಸಹಿ ಆಗುತ್ತದೆ, ಸಮೋಸಾ ಬರುತ್ತದೆ.

ಆನ್‌ಲೈನ್ ಕ್ಲಬ್ಬು ಬೇರೆ ಜಾತಿ. ಕ್ರಿಟಿಕಲ್ ಕೇರ್, ಅಂದರೆ ಜೀವ ತೂಗುಯ್ಯಾಲೆಯಲ್ಲಿ ಇರುವವರ ವೈದ್ಯಕೀಯ, ಇದರಲ್ಲಿ ಉಳಿದೆಲ್ಲ ವಿಭಾಗಗಳಿಗಿಂತ ಮುಂದಿದೆ. ಬೆಲ್‌ಫಾಸ್ಟಿನ ಕ್ರಿಟಿಕಲ್ ಕೇರ್ ರಿವ್ಯೂಸ್ ಸಭೆಯಲ್ಲಿ ಸಂಶೋಧಕರು ತಮ್ಮ ಫಲಿತಾಂಶವನ್ನು ವೇದಿಕೆಯ ಮೇಲೆ ಮೊದಲ ಬಾರಿಗೆ ಬಿಚ್ಚಿಡುತ್ತಾರೆ, ಅದೇ ಹೊತ್ತಿಗೆ ಪತ್ರಿಕೆ ಅದನ್ನು ಪ್ರಕಟಿಸುತ್ತದೆ, ಅಲ್ಲೇ ಸಂಬಂಧವಿಲ್ಲದ ಇನ್ನೊಬ್ಬ ತಜ್ಞ ಎದ್ದು ನಿಂತು ತಪ್ಪು ಹುಡುಕುತ್ತಾನೆ. ಇಡೀ ಜಗತ್ತು ನೇರಪ್ರಸಾರದಲ್ಲಿ ನೋಡುತ್ತದೆ. ಹುಬ್ಬಳ್ಳಿಯ ಡಾಕ್ಟರು ರಾತ್ರಿ ಡ್ಯೂಟಿಯ ನಡುವೆ ಫೋನಿನಲ್ಲಿ ನೋಡಬಹುದು, ಪ್ರಶ್ನೆ ಬರೆದು ಕಳಿಸಬಹುದು.

ಇದರ ಬೆಲೆ ಏನೆಂದು ತಿಳಿಯಲು ವಿಟಮಿನ್ ಸಿ ಕಥೆ ಸಾಕು. 2017ರಲ್ಲಿ ಅಮೆರಿಕದ ಪಾಲ್ ಮಾರಿಕ್ ತಮ್ಮ ಐಸಿಯುನಲ್ಲಿ ನಂಜೇರಿದ ರೋಗಿಗಳಿಗೆ ವಿಟಮಿನ್ ಸಿ, ಥಯಮಿನ್, ಸ್ಟೀರಾಯ್ಡ್ ಮೂರನ್ನೂ ಸೇರಿಸಿ ಕೊಟ್ಟ ವರದಿ ಪ್ರಕಟಿಸಿದರು. ಕೊಡುವ ಮೊದಲಿನ 47 ರೋಗಿಗಳಲ್ಲಿ ಸತ್ತವರು ನೂರಕ್ಕೆ 40. ಕೊಟ್ಟ 47 ರೋಗಿಗಳಲ್ಲಿ ನೂರಕ್ಕೆ ಸುಮಾರು ಎಂಟೂವರೆ. ಪವಾಡ ಸಿಕ್ಕಿತು ಎಂದು ಜಗತ್ತು ಕುಣಿಯಿತು. ಕ್ಲಬ್ಬುಗಳು ಕುಣಿಯಲಿಲ್ಲ. ಒಂದೇ ಆಸ್ಪತ್ರೆ, ಬೆರಳೆಣಿಕೆಯ ರೋಗಿಗಳು, ಹಿಂದಿನವರನ್ನೂ ಇಂದಿನವರನ್ನೂ ಹೋಲಿಸಿದ ಲೆಕ್ಕ, ಚೀಟಿ ಎತ್ತಿ ಗುಂಪು ಮಾಡಿಲ್ಲ ಎಂದು ಪಟ್ಟು ಹಿಡಿದು ಕೇಳಿದವು. 2020ರ ಜನವರಿಯಲ್ಲಿ ಅದೇ ಬೆಲ್‌ಫಾಸ್ಟ್ ವೇದಿಕೆಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು: ಲಾಭ ಕಾಣಲಿಲ್ಲ. 2022ರಲ್ಲಿ ವಿಟಮಿನ್ ಸಿ ಒಂದನ್ನೇ ಕೊಟ್ಟು ನೋಡಿದ ಇನ್ನೂ ದೊಡ್ಡ ಪ್ರಯೋಗದಲ್ಲಿ, ಸತ್ತವರು ಅಥವಾ ಅಂಗಾಂಗ ಕೈಕೊಟ್ಟೇ ಉಳಿದವರು ವಿಟಮಿನ್ ಪಡೆದವರಲ್ಲಿ ನೂರಕ್ಕೆ 44, ಪಡೆಯದವರಲ್ಲಿ 38. ಪವಾಡ ತಿರುಗಿಬಿದ್ದಿತ್ತು.

ಡಾಕ್ಟರು ಡಾಕ್ಟರನ್ನೇ ಎದುರಿಗೆ ನಿಲ್ಲಿಸಿ 'ಇದು ಹೇಗೆ ಗೊತ್ತು ನಿಮಗೆ?' ಎಂದು ಕೇಳುವ ಇಂಥ ಜಾಗ ವೈದ್ಯಕೀಯದಲ್ಲಿ ಬಹಳ ಇಲ್ಲ. ಔಷಧ ಕಂಪನಿಯ ಊಟದ ಸಭೆಗಳಲ್ಲಿ ಆ ಪ್ರಶ್ನೆ ಹುಟ್ಟುವುದಿಲ್ಲ. ಆದ್ದರಿಂದಲೇ ಜಗಳ ಆಡಬೇಕಾಗಿರುವುದು ಈ ಕ್ಲಬ್ಬುಗಳ ಜೊತೆ. ಇವು ಕೆಟ್ಟವು ಎಂದಲ್ಲ. ಇಷ್ಟು ಒಳ್ಳೆಯದನ್ನು ಕೋಣೆಯೊಳಗೇ ಇಟ್ಟುಕೊಂಡು ಕೂತಿವೆ ಎಂದು.

ಕೋಣೆಯ ಬಾಗಿಲು ಮುಚ್ಚಿದ್ದರ ದಂಡವನ್ನು ದೇಶ ಕಟ್ಟಿದ್ದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ. ದೆಹಲಿ, ಮುಂಬೈ, ಪುಣೆಯ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳು ಆಗ ಹೇಗಿದ್ದವೆಂದು ಈ ಪತ್ರ ಓದುವ ಬಹಳ ಜನರಿಗೆ ನೆನಪಿರಬೇಕು. 'ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು', 'ರೆಮ್‌ಡೆಸಿವಿರ್ ಆರು ವಯಲ್ ಎಲ್ಲಿ ಸಿಗುತ್ತೆ, ಎಷ್ಟಾದರೂ ಪರವಾಗಿಲ್ಲ.' ಮಗಳ ಮದುವೆಗೆ ಇಟ್ಟ ಚಿನ್ನ ಅಡವಿಟ್ಟವರಿದ್ದರು. ಜ್ವರದಿಂದ ಎದ್ದು ನಾಲ್ಕು ವಾರವೂ ಆಗದ ಹುಡುಗರು ಪ್ಲಾಸ್ಮಾ ಕೊಡಲು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು, ಅದೂ ಸೋಂಕು ಅತಿ ದಟ್ಟವಾಗಿದ್ದ ಕಾರಿಡಾರುಗಳಲ್ಲಿ.

ಪ್ಲಾಸ್ಮಾದಿಂದ ಪ್ರಯೋಜನವಿಲ್ಲ ಎಂದು ಆಗಲೇ ಗೊತ್ತಿತ್ತು. ಹೊರದೇಶದ ಸಂಶೋಧನೆಯಿಂದಲೂ ಅಲ್ಲ, ನಮ್ಮದೇ ಸಂಶೋಧನೆಯಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ 'ಪ್ಲಾಸಿಡ್' ಪ್ರಯೋಗದ ಫಲಿತಾಂಶ 2020ರ ಸೆಪ್ಟೆಂಬರಿನಲ್ಲೇ ಹೊರಬಿದ್ದಿತ್ತು, ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. 2021ರ ಜನವರಿಯಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗವೂ ಪ್ಲಾಸ್ಮಾ ನಿಲ್ಲಿಸಿತು. ಆದರೂ ಭಾರತದ ಚಿಕಿತ್ಸಾ ಸೂಚಿಯಿಂದ ಪ್ಲಾಸ್ಮಾ ಬಿದ್ದದ್ದು 2021ರ ಮೇ 17ರಂದು, ಎರಡನೆಯ ಅಲೆಯ ನೆತ್ತಿ ದಾಟಿದ ಮೇಲೆ. ರೆಮ್‌ಡೆಸಿವಿರ್ ಕಥೆಯೂ ಹೆಚ್ಚು ಕಡಿಮೆ ಅದೇ. ಭಾರತವೂ ಭಾಗವಹಿಸಿದ್ದ ವಿಶ್ವ ಆರೋಗ್ಯ ಸಂಸ್ಥೆಯ 'ಸಾಲಿಡಾರಿಟಿ' ಪ್ರಯೋಗದಲ್ಲಿ ಔಷಧ ಪಡೆದ 2743 ಜನರಲ್ಲಿ 301 ಜನ ಸತ್ತರು, ಪಡೆಯದ 2708 ಜನರಲ್ಲಿ 303. ಈ ಎರಡು ಅಂಕಿಗಳನ್ನು ಓದಲು ವೈದ್ಯಕೀಯ ಪದವಿ ಬೇಕೆ? ಸಂತೆಯಲ್ಲಿ ಲೆಕ್ಕ ಹಾಕಬಲ್ಲ ಯಾರಿಗಾದರೂ ಸಾಕು. 2020ರ ನವೆಂಬರಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಬೇಡಿ ಎಂದಿತ್ತು. (2022ರಲ್ಲಿ, ಸೌಮ್ಯ ಕಾಯಿಲೆಯ ಆದರೆ ಹೆಚ್ಚು ಅಪಾಯವಿರುವ ರೋಗಿಗಳ ಮಟ್ಟಿಗೆ, ಆ ಸಲಹೆ ಬದಲಾಯಿತು. ಸಲಹೆ ಯಾಕೆ ಬದಲಾಗುತ್ತದೆ ಎಂಬುದೂ ಜನರಿಗೆ ಹೇಳಬೇಕಾದ ಸಂಗತಿಯೇ.) ಕಾಳಸಂತೆಯಲ್ಲಿ ಹತ್ತಾರು ಸಾವಿರ ಕೊಟ್ಟು ಕೊಂಡವರಿಗೆ ಆ ಎರಡು ಅಂಕಿಗಳನ್ನು ಯಾರೂ ಅವರ ಭಾಷೆಯಲ್ಲಿ ತೋರಿಸಿರಲಿಲ್ಲ. ಅವರ ಭಾಷೆಯ ಟಿವಿಯಲ್ಲಿ ಅದು 'ಸಂಜೀವಿನಿ'ಯಾಗಿತ್ತು.

ಮೂರನೆಯದು ಇನ್ನೂ ಕಹಿ. ನಿಜವಾಗಿ ಜೀವ ಉಳಿಸಿದ್ದು ಕೆಲವೇ ರೂಪಾಯಿಯ ಡೆಕ್ಸಾಮೆಥಾಸೋನ್. 2020ರ ಜೂನಿನಲ್ಲಿ ರಿಕವರಿ ಪ್ರಯೋಗ ಅದನ್ನು ತೋರಿಸಿತು: ವೆಂಟಿಲೇಟರಿನ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆದರೆ ಅದೇ ಪ್ರಬಂಧದ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಆಕ್ಸಿಜನ್ನೇ ಬೇಕಾಗಿರದ ರೋಗಿಗಳಲ್ಲಿ ಲಾಭ ಕಾಣಲಿಲ್ಲ. ಸತ್ತವರು ಸ್ಟೀರಾಯ್ಡ್ ಪಡೆದವರಲ್ಲೇ ತುಸು ಹೆಚ್ಚು, ನೂರಕ್ಕೆ 18, ಪಡೆಯದವರಲ್ಲಿ 14. ಜರ್ನಲ್ ಕ್ಲಬ್ಬುಗಳಲ್ಲಿ ಈ ಸಾಲಿನ ಬಗ್ಗೆ ಗಂಟೆಗಟ್ಟಲೆ ಮಾತಾಯಿತು. ಹೊರಗೆ ಬಂದದ್ದು ಮೊದಲ ಸಾಲು ಮಾತ್ರ. ಜ್ವರ ಬಂದ ಮೊದಲ ದಿನವೇ, ಮನೆಯಲ್ಲೇ, ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ನುಂಗಿದವರು ಎಷ್ಟೋ ಮಂದಿ. ಆ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯ ಜೊತೆಗೆ ಬೇಕಾಬಿಟ್ಟಿ ಸ್ಟೀರಾಯ್ಡ್ ಬಳಕೆಯತ್ತಲೂ ತಜ್ಞರು ಬೆರಳು ಮಾಡಿದರು.

'ಸರ್ಕಾರವೇ ಕೇಳದಿದ್ದಾಗ ಕ್ಲಬ್ಬು ಏನು ಮಾಡೀತು?' ಎಂದು ಕೇಳಬಹುದು. ಸರ್ಕಾರದ ಮೇಲೆ ಒತ್ತಡ ಬರುವುದು ಜನರಿಂದ. ಜನ ಪ್ಲಾಸ್ಮಾ ಬೇಕೆಂದು ಕೂಗುತ್ತಿದ್ದರೆ ಯಾವ ಅಧಿಕಾರಿಯೂ ಅದನ್ನು ಪಟ್ಟಿಯಿಂದ ತೆಗೆಯುವ ಧೈರ್ಯ ಮಾಡುವುದಿಲ್ಲ, ಯಾವ ಡಾಕ್ಟರೂ ಬರೆದು ಕೊಡುವುದಿಲ್ಲ ಎನ್ನುವುದಿಲ್ಲ. 'ಅಟೆಂಡರುಗಳು ಒತ್ತಾಯ ಮಾಡಿದರು, ಬರೆದುಕೊಟ್ಟೆವು' ಎಂದು ಆ ದಿನಗಳಲ್ಲಿ ಎಷ್ಟು ಡಾಕ್ಟರುಗಳು ಹೇಳಲಿಲ್ಲ! ಒತ್ತಾಯ ಮಾಡುವವರಿಗೆ ಯಾಕೆ ಬೇಡ ಎಂದು ಏಳು ತಿಂಗಳು ಮೊದಲೇ ಹೇಳಿದ್ದರೆ?

ಇದಕ್ಕೆ ವೈದ್ಯರ ಕಡೆಯಿಂದ ಬರುವ ಮೊದಲ ಉತ್ತರ: ಅರ್ಧ ತಿಳಿವಳಿಕೆ ಅಪಾಯ. ರೋಗಿಯ ಮನೆಯವರು ಪ್ರಬಂಧ ಹಿಡಿದು ಜಗಳಕ್ಕೆ ಬರುತ್ತಾರೆ, ಐಸಿಯು ಮುಂದೆ ಗಲಾಟೆ ಆಗುತ್ತದೆ. ಭಯ ಸುಳ್ಳಲ್ಲ, ಡಾಕ್ಟರುಗಳ ಮೇಲೆ ಕೈಮಾಡುವುದು ಈ ದೇಶದಲ್ಲಿ ನಡೆಯುತ್ತದೆ. ಆದರೆ ಗಲಾಟೆ ಏಳುವುದು ಏನೂ ಹೇಳದೆ ಇದ್ದಾಗ. ಹತ್ತು ದಿನ 'ಸೀರಿಯಸ್ ಇದಾರೆ, 24 ಗಂಟೆ ಆಗದೆ ಏನೂ ಹೇಳಕ್ಕಾಗಲ್ಲ' ಎಂದಷ್ಟೇ ಕೇಳಿಸಿಕೊಂಡು, ಹನ್ನೊಂದನೆಯ ದಿನ ಬಿಲ್ಲು ಮತ್ತು ಹೆಣ ಒಟ್ಟಿಗೆ ಸಿಕ್ಕವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಮತ್ತೆ, ಅರ್ಧ ತಿಳಿವಳಿಕೆ ಈಗ ಇಲ್ಲವೇ? ವಾಟ್ಸಾಪು ಪೂರ್ತಿ ಸುಳ್ಳನ್ನು ಶುದ್ಧ ಕನ್ನಡದಲ್ಲಿ, ಒಳ್ಳೆಯ ಧ್ವನಿಯಲ್ಲಿ ಹೇಳುತ್ತಿದೆ. ಕಷಾಯ ಮಾರುವವನಿಗೆ ಜನರ ಭಾಷೆ ಬರುತ್ತದೆ, ಸತ್ಯ ಗೊತ್ತಿರುವವರಿಗೆ ಬರುವುದಿಲ್ಲ ಎಂದರೆ ಜನ ಯಾರ ಮಾತು ಕೇಳಬೇಕು?

ಎರಡನೆಯ ಉತ್ತರ ಇನ್ನೂ ಸೊಗಸು: ಕನ್ನಡದಲ್ಲಿ ಪದಗಳಿಲ್ಲ.

ಈ ಮಾತನ್ನು ಆಡುವವರು ಎರಡು ಗುಂಪು. ಕನ್ನಡವನ್ನು ಪ್ರೀತಿಸದ ಡಾಕ್ಟರುಗಳು ಒಂದು ಕಡೆ, ಕನ್ನಡವನ್ನು ವಿಪರೀತ ಪ್ರೀತಿಸುವ ಪದಕೋಶದವರು ಇನ್ನೊಂದು ಕಡೆ. ಎರಡನೆಯವರು ಪದ ಇಲ್ಲವೆನ್ನುವುದಿಲ್ಲ, ಯಾರಿಗೂ ಬೇಡದ ಪದ ಟಂಕಿಸಿ ಕೊಡುತ್ತಾರೆ. 'ಯಾದೃಚ್ಛಿಕ ನಿಯಂತ್ರಿತ ಪ್ರಯೋಗ' ಎಂದು ಒಪ್ಪಿಗೆ ಪತ್ರದಲ್ಲಿ ಬರೆದರೆ ಸಿಂದಗಿಯ ರೈತನಿಗೆ ಎಷ್ಟು ತಿಳಿಯುತ್ತದೆ? ಇಂಗ್ಲಿಷಿನ ಪದದಷ್ಟೇ. ಚೀಟಿ ಎತ್ತುವುದು ಯಾರಿಗೆ ಗೊತ್ತಿಲ್ಲ? ಚೀಟಿ ವ್ಯವಹಾರ, ಜಮೀನು ಪಾಲು, ಪಂಚಾಯಿತಿಯಲ್ಲಿ ಸಮ ಮತ ಬಂದಾಗಿನ ಆಯ್ಕೆ, ಎಲ್ಲೆಲ್ಲೂ ಚೀಟಿ ಇದೆ. ಪಕ್ಷಪಾತ ಬರಬಾರದು ಎಂದೇ ಚೀಟಿ ಎತ್ತುವುದು ಎಂಬ ಕಾರಣವೂ ಆ ಪದದ ಜೊತೆಗೇ ಬರುತ್ತದೆ. ಸೆಪ್ಸಿಸ್‌ಗೆ ಪದ ಹುಡುಕುತ್ತಾ ಸಂಸ್ಕೃತದ ಬಾಗಿಲು ತಟ್ಟುವವರಿಗೆ, ಹಳ್ಳಿಯ ಅಜ್ಜಿ 'ಮೈಗೆಲ್ಲಾ ನಂಜೇರಿದೆ' ಎಂದದ್ದು ಕೇಳಿಸುವುದಿಲ್ಲ. ಕನ್ನಡದ್ದೇ ಪದಗಳಿಗಾಗಿ ಡಿ. ಎನ್. ಶಂಕರ ಭಟ್ಟರು ವರ್ಷಗಟ್ಟಲೆ ವಾದಿಸಿದರು. ಅವರ ಎಲ್ಲ ಹೊಸ ಪದಗಳನ್ನೂ ಒಪ್ಪಬೇಕಿಲ್ಲ, ಕೆಲವು ನಾಲಿಗೆಗೆ ಹತ್ತುವುದೂ ಇಲ್ಲ. ಆದರೆ ಆಡುವವರ ಬಾಯಲ್ಲಿ ಇರುವುದನ್ನು ಮೊದಲು ನೋಡಿ ಎಂಬ ಮಾತಿಗೆ ಇಲ್ಲಿಗಿಂತ ಒಳ್ಳೆಯ ಜಾಗವಿಲ್ಲ. ವೆಂಟಿಲೇಟರು ವೆಂಟಿಲೇಟರಾಗಿಯೇ ಇರಲಿ, ಅದು ಈಗಾಗಲೇ ಕನ್ನಡ ಪದ. ಅನುಪಮಾ ನಿರಂಜನ ಅವರು 'ತಾಯಿ-ಮಗು' ಬರೆದಾಗ ಪದಕೋಶ ಮುಗಿಯಲಿ ಎಂದು ಕಾದಿರಲಿಲ್ಲ.

ನಿಜವಾದ ತೊಡಕು ಇರುವುದು ಇಂಗ್ಲಿಷಿನ ಒಳಗೇ. 'ಸಿಗ್ನಿಫಿಕೆಂಟ್' ಎಂಬ ಪದವನ್ನೇ ನೋಡಿ. ಸಂಖ್ಯಾಶಾಸ್ತ್ರದಲ್ಲಿ ಅದರ ಅರ್ಥ ಬಹಳ ಚಿಕ್ಕದು: ಔಷಧದಿಂದ ಏನೂ ವ್ಯತ್ಯಾಸವಿಲ್ಲದೇ ಇದ್ದಿದ್ದರೂ ಇಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣುವುದು ಅಪರೂಪ, ಅಷ್ಟೆ. ಆಡುಮಾತಿನ ಇಂಗ್ಲಿಷಿನಲ್ಲಿ ಅದೇ ಪದಕ್ಕೆ 'ಮಹತ್ವದ' ಎಂಬ ಅರ್ಥ. ಡಾಕ್ಟರುಗಳೇ ಈ ಎರಡರ ನಡುವೆ ಜಾರಿ ಬೀಳುತ್ತಾರೆ. ಕನ್ನಡಕ್ಕೆ ಅದನ್ನು 'ಗಮನಾರ್ಹ' ಎಂದು ತಂದವರು ಇಂಗ್ಲಿಷಿನ ಗೊಂದಲವನ್ನೂ ಜೊತೆಗೆ ಹೊತ್ತು ತಂದರು.

ಗೊಂದಲದ ಬೆಲೆ ಎಷ್ಟೆಂದರೆ, 2019ರ 'ಆಂಡ್ರೊಮಿಡಾ ಶಾಕ್' ಪ್ರಯೋಗ ನೋಡಿ. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ, ನಂಜೇರಿ ಬಿಪಿ ಬಿದ್ದ 424 ರೋಗಿಗಳು. ಒಂದು ಗುಂಪಿನಲ್ಲಿ ರಕ್ತದ ಲ್ಯಾಕ್ಟೇಟ್ ಪರೀಕ್ಷೆ ನೋಡಿಕೊಂಡು ಚಿಕಿತ್ಸೆ. ಇನ್ನೊಂದರಲ್ಲಿ ಬೆರಳ ತುದಿಯನ್ನು ಗಾಜಿನ ಚೂರಿನಿಂದ ಹತ್ತು ಸೆಕೆಂಡು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ರಕ್ತ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕಾಯಿತೇ ಎಂದು ನೋಡಿಕೊಂಡು ಚಿಕಿತ್ಸೆ. ಇಪ್ಪತ್ತೆಂಟು ದಿನದಲ್ಲಿ ಸತ್ತವರು ಬೆರಳು ಒತ್ತಿದ ಗುಂಪಿನಲ್ಲಿ ನೂರಕ್ಕೆ 35, ಲ್ಯಾಕ್ಟೇಟ್ ಗುಂಪಿನಲ್ಲಿ 43. ಪಿ ಮೌಲ್ಯ 0.06. ಗೆರೆ ಎಳೆದದ್ದು 0.05ಕ್ಕೆ. ಹಾಗಾಗಿ 'ಗಮನಾರ್ಹ ವ್ಯತ್ಯಾಸವಿಲ್ಲ'. ಕ್ಲಬ್ಬುಗಳಲ್ಲಿ ಇದರ ಮೇಲೆ ಯುದ್ಧವೇ ನಡೆಯಿತು: ನೂರಕ್ಕೆ ಎಂಟು ಜೀವದ ಅಂತರ ಕಾಣುವಾಗ ಒಂದು ಗೆರೆಯ ಆಚೆ ಈಚೆ ಎಂದು ತೀರ್ಪು ಕೊಡುವುದು ಸರಿಯೆ, ಅಥವಾ ಗೆರೆ ಬಿಟ್ಟುಬಿಟ್ಟರೆ ಎಲ್ಲರೂ ತಮಗೆ ಬೇಕಾದ್ದನ್ನೇ ಗೆಲ್ಲಿಸಿಕೊಳ್ಳುತ್ತಾರೆಯೆ. ಒಳ್ಳೆಯ ಜಗಳ. ಬೆರಳು ಒತ್ತಲು ಯಂತ್ರ ಬೇಡ, ಲ್ಯಾಬು ಬೇಡ, ಕಾಸು ಬೇಡ. ತಾಲ್ಲೂಕು ಆಸ್ಪತ್ರೆಯ ನರ್ಸು ಮಾಡಬಹುದಾದದ್ದು. ಆ ನರ್ಸು ಈ ಜಗಳ ನಡೆದ ಕೋಣೆಯಲ್ಲಿ ಇರಲಿಲ್ಲ. ಹಾಸಿಗೆಯ ಪಕ್ಕ ಡಾಕ್ಟರಿಗಿಂತ ಹೆಚ್ಚು ಹೊತ್ತು ನಿಲ್ಲುವವರನ್ನು ಹೊರಗಿಟ್ಟು ಹಾಸಿಗೆ ಪಕ್ಕದ ವಿದ್ಯೆಯನ್ನು ಚರ್ಚಿಸುವ ವಿಚಿತ್ರ ಇದು. ರೋಗಿಯ ಜೊತೆ ಕನ್ನಡದಲ್ಲಿ, ಮನೆಯವರ ಜೊತೆ ಫೋನಿನಲ್ಲಿ ಮಲಯಾಳದಲ್ಲಿ, ಚಾರ್ಟಿನಲ್ಲಿ ಇಂಗ್ಲಿಷಿನಲ್ಲಿ ಬದುಕುವ ಆಕೆಗೆ ಭಾಷೆ ದಾಟುವುದು ಹೊಸತೂ ಅಲ್ಲ.

ಪದಗಳಿಲ್ಲ ಎಂಬ ವಾದವನ್ನು ಮುಗಿಸಲು ಇನ್ನೊಂದೇ ಸಾಕ್ಷಿ ಸಾಕು. ಮೂರು ಗಂಟೆಗೆ ಜರ್ನಲ್ ಕ್ಲಬ್ಬಿನಲ್ಲಿ ಇಂಗ್ಲಿಷಿನಲ್ಲಿ ಸ್ಲೈಡು ಓದುವ ಕಲಬುರಗಿಯ ಪಿಜಿ, ಐದು ಗಂಟೆಗೆ ಹೊರಗೆ ಬಂದು ಅಟೆಂಡರುಗಳಿಗೆ 'ಕಿಡ್ನಿ ಕೈ ಕೊಟ್ಟಾವ, ಬಿಪಿ ಹಿಡಿಯಾಕ ಔಷಧ ಹಚ್ಚೇವಿ, ಮಷಿನಿನ ಮ್ಯಾಲೆ ಇಟ್ಟೇವಿ' ಎಂದು ತಡವರಿಸದೆ ಹೇಳುತ್ತಾನೆ. ಮೂರರಿಂದ ಐದರ ನಡುವೆ ಕನ್ನಡಕ್ಕೆ ಪದಗಳು ಎಲ್ಲಿಂದ ಬಂದವು?

ಕೋಣೆ ಮುಚ್ಚಿದ್ದರಿಂದ ಆಗುವ ನಷ್ಟ ಹೊರಗಿನವರಿಗೆ ಮಾತ್ರವಲ್ಲ. ಒಳಗೆ ಏನನ್ನು ಚರ್ಚಿಸುತ್ತಾರೆ ಎಂಬುದೂ ಕೆಡುತ್ತದೆ. ಇಂಗ್ಲಿಷಿನ ದೊಡ್ಡ ಕ್ಲಬ್ಬುಗಳು ಎತ್ತಿಕೊಳ್ಳುವುದು ಇಂಗ್ಲಿಷಿನ ದೊಡ್ಡ ಪತ್ರಿಕೆಗಳ ದೊಡ್ಡ ಪ್ರಯೋಗಗಳನ್ನು. ಅವು ಹೆಚ್ಚಾಗಿ ನಡೆಯುವುದು ಶ್ರೀಮಂತ ದೇಶಗಳ ಐಸಿಯುಗಳಲ್ಲಿ. ಅಲ್ಲಿ ಸರಿಯಾದದ್ದು ಬೇರೆ ಕಡೆ ಕೊಲ್ಲಬಹುದು ಎಂಬುದಕ್ಕೆ ಪುರಾವೆ ಇದೆ. ಶಾಕ್‌ನಲ್ಲಿರುವ ಮಗುವಿಗೆ ಬೇಗ ಬೇಗ ಡ್ರಿಪ್ ಏರಿಸಬೇಕು ಎಂಬುದು ಪಠ್ಯದ ಮಾತಾಗಿತ್ತು. ಕೀನ್ಯಾ, ಉಗಾಂಡಾ, ಟಾಂಜಾನಿಯಾದ 3141 ಮಕ್ಕಳ ಮೇಲೆ ನಡೆದ 'ಫೀಸ್ಟ್' ಪ್ರಯೋಗದಲ್ಲಿ, 2011ರಲ್ಲಿ, ಹಾಗೆ ಏರಿಸಿದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎರಡು ದಿನದಲ್ಲಿ ತೀರಿಕೊಂಡರು, ಏರಿಸದವರಲ್ಲಿ ಏಳು. ಜಾಂಬಿಯಾದಲ್ಲಿ ನಂಜೇರಿದ ದೊಡ್ಡವರ ಮೇಲೆ ಅದೇ ಬಗೆಯ ಶಿಸ್ತಿನ ಚಿಕಿತ್ಸೆ ನಡೆಸಿದಾಗ, 2017ರ ವರದಿಯಂತೆ, ನೂರಕ್ಕೆ 48 ಸಾವು, ಮಾಮೂಲಿ ಚಿಕಿತ್ಸೆಯಲ್ಲಿ 33.

ಹಾಗಾದರೆ ನಮ್ಮ ಐಸಿಯುಗಳ ಪ್ರಶ್ನೆ ಯಾವುದು? ಹಾವು ಕಡಿತ, ಡೆಂಗಿ, ಮತ್ತು ಎಲ್ಲಕ್ಕಿಂತ ಮೇಲೆ ಕ್ರಿಮಿನಾಶಕ. ಎಣ್ಣೆ ಕುಡಿದವರನ್ನು ವಿಜಯಪುರ, ಬೆಳಗಾವಿ ಸೀಮೆಯಿಂದ ಮಿರಜಿಗೋ ಸೊಲ್ಲಾಪುರಕ್ಕೋ ರಾತ್ರೋರಾತ್ರಿ ಕೊಂಡೊಯ್ಯುತ್ತಾರೆ. ಅಲ್ಲಿ ಚೀಟಿ ಕೈಗಿಡುತ್ತಾರೆ: ಪ್ಯಾಮ್ ಇಂಜೆಕ್ಷನ್ ತನ್ನಿ. ಪ್ರಾಲಿಡಾಕ್ಸಿಮ್ ಎಂಬ ಈ ಔಷಧ ಕೆಲಸ ಮಾಡುತ್ತದೆಯೆ? ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಪ್ರಯೋಗ, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದದ್ದು, ಹೆಚ್ಚು ಪ್ರಮಾಣದಲ್ಲಿ ಬಿಡದೆ ಹನಿಸಿದರೆ ಜೀವ ಉಳಿಯುತ್ತದೆ ಎಂದಿತು. ಶ್ರೀಲಂಕಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಪ್ಯಾಮ್ ಪಡೆದ 121 ಜನರಲ್ಲಿ 30 ಮಂದಿ ಸತ್ತರು, ಪಡೆಯದ 114ರಲ್ಲಿ 18. ಅಂತರ ಆಕಸ್ಮಿಕವೂ ಇರಬಹುದು, ಆದರೆ ಲಾಭದ ಕುರುಹಂತೂ ಇಲ್ಲ. ಒಂದಕ್ಕೊಂದು ಎದುರು ನಿಂತ ಈ ಎರಡು ಪ್ರಬಂಧಗಳು ಯಾವ ಜರ್ನಲ್ ಕ್ಲಬ್ಬಿಗಾದರೂ ಹಬ್ಬ. ಚೀಟಿ ಹಿಡಿದು ನಡುರಾತ್ರಿ ಮೆಡಿಕಲ್ ಶಾಪು ಹುಡುಕುವ ಅಣ್ಣನಿಗೆ ಈ ಜಗಳ ಎಂಟು ಸಾಲಿನಲ್ಲಿ ತಿಳಿದಿದ್ದರೆ, ಎಮ್ಮೆ ಮಾರುವ ಮೊದಲು 'ಡಾಕ್ಟರೇ, ಇದು ಬೇಕೇ ಬೇಕೇನ್ರಿ?' ಎಂದು ಕೇಳುತ್ತಿದ್ದ. ಡಾಕ್ಟರು 'ಹೌದು, ಇಂಥ ಕಾರಣಕ್ಕೆ' ಎನ್ನಬಹುದು, ಅದು ಅವರ ವಿವೇಚನೆ. ಕಾರಣ ಹೇಳಬೇಕಾಗಿ ಬಂದದ್ದೇ ದೊಡ್ಡದು.

ಹೊರರಾಜ್ಯದ ಕನ್ನಡಿಗರಿಗೆ ಈ ಗೋಡೆ ಎರಡು ಸುತ್ತಿನದು. ಹೈದರಾಬಾದಿನ ಐಸಿಯು ಮುಂದೆ ತೆಲುಗು, ಪುಣೆಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು. ಊರಿಂದ ಬಂದ ಅಪ್ಪ ಒಳಗೆ, ಕನ್ನಡ ಬಿಟ್ಟು ಬೇರೆ ತಿಳಿಯದ ಅಮ್ಮ ಹೊರಗೆ, ನಡುವೆ ಸಾಫ್ಟ್‌ವೇರಿನ ಮಗ. ಡಾಕ್ಟರ ಇಂಗ್ಲಿಷನ್ನು ಅವನು ನಿಂತಲ್ಲೇ ಕನ್ನಡ ಮಾಡಬೇಕು. ಏನು ಮಾಡುತ್ತಾನೆ? 'ಏನೂ ಆಗಲ್ಲಮ್ಮ, ನೋಡ್ಕೋತಾ ಇದಾರೆ' ಎನ್ನುತ್ತಾನೆ. ಸುಳ್ಳು ಹೇಳಬೇಕೆಂದಲ್ಲ, 'ನೂರರಲ್ಲಿ ನಲವತ್ತು' ಎಂಬುದನ್ನು ಅಮ್ಮನಿಗೆ ಹೇಳುವ ವಾಕ್ಯ ಅವನಿಗೆ ಯಾರೂ ಕಲಿಸಿಲ್ಲ.

ಹೀಗೆ ಕೇಳುವುದು ಅತಿಯಾಸೆಯಲ್ಲ. ಪ್ರತಿ ಜರ್ನಲ್ ಕ್ಲಬ್ಬು ಕನ್ನಡದಲ್ಲಿ ನಡೆಯಲಿ ಎಂದು ಯಾರೂ ಹೇಳುತ್ತಿಲ್ಲ. ಬೆಲ್‌ಫಾಸ್ಟಿನವರ ಜೊತೆ ವಾದಿಸಲು ಇಂಗ್ಲಿಷ್ ಬೇಕು, ಇರಲಿ. ವಾದ ಮುಗಿದ ಮೇಲೆ ಒಂದು ಪುಟ ಬೇಕು. ಪ್ಲಾಸಿಡ್ ಪ್ರಯೋಗದ ಪುಟ ಹೀಗಿರಬಹುದಿತ್ತು:

'ಕೋವಿಡ್ ಬಂದು ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿದ 464 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದೆವು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ, ಕೋವಿಡ್‌ನಿಂದ ಗುಣವಾದವರ ಪ್ಲಾಸ್ಮಾ ಎರಡು ಸಲ. 28 ದಿನ ನೋಡಿದೆವು. ಪ್ಲಾಸ್ಮಾ ಪಡೆದ ನೂರು ಜನರಲ್ಲಿ 19 ಜನರಿಗೆ ಕಾಯಿಲೆ ತೀವ್ರವಾಯಿತು ಅಥವಾ ಅವರು ತೀರಿಕೊಂಡರು. ಪಡೆಯದ ನೂರರಲ್ಲಿ 18. ಅಂದರೆ ಪ್ಲಾಸ್ಮಾದಿಂದ ಉಪಯೋಗ ಕಾಣಲಿಲ್ಲ. ಯಾರಿಗೆ ಪ್ಲಾಸ್ಮಾ ಕೊಟ್ಟಿದೆ ಎಂಬುದು ಡಾಕ್ಟರಿಗೂ ರೋಗಿಗೂ ಗೊತ್ತಿತ್ತು, ಇದು ನಮ್ಮ ಪ್ರಯೋಗದ ಒಂದು ಕೊರತೆ. ಇದರಲ್ಲಿ ಸೇರಿದ ನಿಮಗೂ ನಿಮ್ಮ ಮನೆಯವರಿಗೂ ಈ ಫಲಿತಾಂಶ ತಿಳಿಸಬೇಕಾದದ್ದು ನಮ್ಮ ಕೆಲಸ.'

ಇದರಲ್ಲಿ ಟಂಕಿಸಿದ ಪದ ಒಂದೂ ಇಲ್ಲ. 2020ರ ಅಕ್ಟೋಬರಿನಲ್ಲಿ ಇದು ಹತ್ತು ಭಾಷೆಗಳಲ್ಲಿ ವಾಟ್ಸಾಪಿಗೆ ಬಿದ್ದಿದ್ದರೆ ಮುಂದಿನ ಏಪ್ರಿಲಿನ ಗುಂಪುಗಳಲ್ಲಿ ಕನಿಷ್ಠ ಒಬ್ಬರಾದರೂ ಅದನ್ನು ತೆಗೆದು ತೋರಿಸುತ್ತಿದ್ದರು.

ಯಾರು ಬರೆಯಬೇಕು, ಯಾರು ದುಡ್ಡು ಕೊಡಬೇಕು ಎಂಬ ಪ್ರಶ್ನೆಗೂ ಹೊಸ ಉತ್ತರ ಬೇಕಿಲ್ಲ. ಒಪ್ಪಿಗೆ ಪತ್ರದ ಅನುವಾದಕ್ಕೆ, ತಿರುಗು ಅನುವಾದಕ್ಕೆ, ಪ್ರಮಾಣಪತ್ರಕ್ಕೆ ಸಂಶೋಧನೆಯ ಬಜೆಟ್ಟಿನಲ್ಲಿ ಈಗಾಗಲೇ ದುಡ್ಡಿದೆ. ಹತ್ತು ಹನ್ನೆರಡು ಪುಟದ ಪತ್ರವನ್ನು ಮಾಡುವವರು ಒಂದು ಪುಟದ ಫಲಿತಾಂಶವನ್ನೂ ಮಾಡಬಲ್ಲರು. ಕ್ಲಬ್ಬಿನ ಪಿಜಿ ಮೊದಲ ಕರಡು ಬರೆಯಲಿ, ಸ್ಲೈಡಿಗೆ ಸಿಗುವ ಅಂಕ ಈ ಪುಟಕ್ಕೂ ಸಿಗಲಿ. ನರ್ಸೊಬ್ಬರು ಓದಿ ತಿಳಿಯದ್ದನ್ನು ಗುರುತು ಹಾಕಲಿ. 1993ರಿಂದ ಇರುವ ಭಾರತೀಯ ಕ್ರಿಟಿಕಲ್ ಕೇರ್ ವೈದ್ಯರ ಸಂಘ ಇಂಗ್ಲಿಷಿನಲ್ಲಿ ಸೊಗಸಾದ ಪತ್ರಿಕೆ ನಡೆಸುತ್ತದೆ, ಪ್ರತಿ ಪ್ರಬಂಧದ ಕೊನೆಗೆ ಹಣ ಕೊಟ್ಟವರು ಯಾರೆಂದು ಹಾಕುತ್ತದೆ. ರೋಗಿಗಳ ಭಾಷೆಯಲ್ಲಿ ಫಲಿತಾಂಶ ಎಲ್ಲಿದೆ ಎಂದು ಇನ್ನೊಂದು ಸಾಲು ಕೇಳಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಯೂರೋಪಿನ ಒಕ್ಕೂಟ 2014ರಲ್ಲಿ ಮಾಡಿ 2022ರ ಜನವರಿ ಕೊನೆಯಿಂದ ಜಾರಿಗೆ ತಂದ ನಿಯಮದಲ್ಲಿ, ಔಷಧ ಪ್ರಯೋಗ ಮುಗಿದ ವರ್ಷದೊಳಗೆ ಸಾಮಾನ್ಯರಿಗೆ ತಿಳಿಯುವ ಸಾರಾಂಶ ಕೊಡುವುದು ಕಡ್ಡಾಯ. ಭಾಗವಹಿಸಿದವರಿಗೆ ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಎಂದು ಹೆಲ್ಸಿಂಕಿ ಘೋಷಣೆಯೂ ಹೇಳುತ್ತದೆ. ನಮ್ಮಲ್ಲಿ ಪ್ರತಿ ಎಥಿಕ್ಸ್ ಕಮಿಟಿ ಅದೇ ಘೋಷಣೆಯ ಹೆಸರು ಹೇಳಿ ಕಡತಕ್ಕೆ ಸಹಿ ಹಾಕುತ್ತದೆ. ಒಪ್ಪಿಗೆ ಪತ್ರದ ಕನ್ನಡ ಪ್ರತಿ ಇಲ್ಲದಿದ್ದರೆ ಅದೇ ಕಮಿಟಿ ಕಡತವನ್ನು ವಾಪಸು ಕಳಿಸುತ್ತದೆ. ಪ್ರಯೋಗ ಮುಗಿದಾಗ ಮುಕ್ತಾಯದ ವರದಿ ಕೂಡ ಅದರ ಮೇಜಿಗೇ ಬರುತ್ತದೆ. ಆ ಒಂದು ಪುಟ ಜೊತೆಗಿಲ್ಲದಿದ್ದರೆ ಆಗಲೂ ವಾಪಸು ಕಳಿಸಲಿ.